ಗುಲಾಬಿ ಹಿಡಿಕೆಯ ಹಲ್ಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಆಂಬ್ಯುಲೆನ್ಸ್ ನಿಲ್ಲುವ ಜಾಗ ದಾಟಿದ ಮೇಲೆ ಸಿಗುವ ಉದ್ದನೆಯ ಕಟ್ಟಡದಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಅದು ಹಲ್ಲಿನ ವಿಭಾಗ. ಒಳಗೆ ಹಲ್ಲಕ್ಕ ನೀಲಿ ಏಪ್ರನ್ ಕಟ್ಟಿಕೊಂಡು, ಸಲಕರಣೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರದ ಬಾಗಿಲು ತೆಗೆಯುತ್ತಾರೆ. ಬಿಸಿ ಗಾಳಿ ಹೊಡೆದು ಅವರ ಕನ್ನಡಕ ಬೆಳ್ಳಗಾಗುತ್ತದೆ. ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗದೆ, ಕೈಯಂದಾಜಿನಲ್ಲೇ ಪುಟ್ಟ ಕನ್ನಡಿಗಳನ್ನು ಒಂದು ತಟ್ಟೆಗೆ, ಕೊಕ್ಕೆಕಡ್ಡಿಗಳನ್ನು ಇನ್ನೊಂದಕ್ಕೆ ಜೋಡಿಸುತ್ತಾ ಹೋಗುತ್ತಾರೆ. ಇಕ್ಕಳಗಳ ತಟ್ಟೆಯ ಮೇಲೆ ಮಾತ್ರ ಒಂದು ಬಿಳಿ ಬಟ್ಟೆ ಹೊದಿಸುತ್ತಾರೆ.

"ಇದು ಕಣ್ಣಿಗೆ ಬಿತ್ತು ಅಂದ್ರೆ ಮುಗೀತು. ರಾತ್ರಿಯೆಲ್ಲ ನರಳಿದೋರೂ ‘ಈಗ ನೋವೇ ಇಲ್ಲಮ್ಮ’ ಅಂತ ಎದ್ದು ಹೊರಟುಬಿಡ್ತಾರೆ" ಎನ್ನುತ್ತಾರೆ ಹಲ್ಲಕ್ಕ.

ಮೂರು ಕುರ್ಚಿಗಳ ಕೊಳವೆಗಳಲ್ಲಿ ನೀರು ಹರಿಸಿ ಬಿಟ್ಟು, ಉಗುಳುವ ಬೋಗುಣಿ ತಿಕ್ಕಿ, ಕಾಗದದ ಲೋಟ ಇಟ್ಟಾದ ಮೇಲೆ ಅವರು ಗಾಜಿನ ಬೀರುವಿನಿಂದ ಒಂದು ವಸ್ತು ಹೊರತೆಗೆಯುತ್ತಾರೆ. ಅದೊಂದು ಹಲ್ಲು. ಮನುಷ್ಯರದೇ, ದವಡೆಯ ಕೊನೆಯದು. ಅದರ ಬೇರಿಗೆ ಬೆರಳುದ್ದದ ಗುಲಾಬಿ ಬಣ್ಣದ ಹಿಡಿಕೆ ಇದೆ. ಹಲ್ಲಿನ ಒಂದು ಮಗ್ಗುಲು ಫಳಫಳ ಹೊಳೆಯುತ್ತದೆ. ಇನ್ನೊಂದು ಮಗ್ಗುಲು ಸುಣ್ಣ ಉದುರಿದ ಗೋಡೆಯ ಹಾಗೆ ಮಂಕಾಗಿದೆ, ಉಗುರು ಆಡಿಸಿದರೆ ಒರಟು ತಾಗುತ್ತದೆ. ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಹಲ್ಲಕ್ಕ ಹೊರಗಿನ ಓಣಿಗೆ ಬರುತ್ತಾರೆ. ಬೆಂಚುಗಳು ಆಗಲೇ ತುಂಬಿವೆ. ಕೆನ್ನೆಗೆ ಕೈ ಕೊಟ್ಟವರು, ಬಾಯಿಗೆ ಕರ್ಚೀಫು ಒತ್ತಿಕೊಂಡವರು, ನೋವಿನಲ್ಲೂ ಮೊಬೈಲಿನಿಂದ ಕಣ್ಣು ಕೀಳದವರು, ಎಲ್ಲರೂ ಇದ್ದಾರೆ.

"ಯಾರ್ಯಾರು ಮೊಬೈಲಲ್ಲಿ ಏನೇನು ನೋಡಿ ಬಾಯಿಗೆ ಏನೇನು ಹಾಕ್ಕೊಂಡು ಬಂದಿದ್ದೀರಿ? ಹೇಳಿಬಿಡಿ. ನಾನು ಬೈಯಲ್ಲ. ಬೈಯೋದು ಡಾಕ್ಟರ್ ಕೆಲಸ, ಅವರಿಗೂ ಪುರುಸೊತ್ತಿಲ್ಲ."

ಓಣಿಯಲ್ಲಿ ನಗು ಹಬ್ಬುತ್ತದೆ. ನಕ್ಕ ಬಾಯಿಗಳು ಒಂದೊಂದಾಗಿ ಒಪ್ಪಿಕೊಳ್ಳುತ್ತವೆ. ಮನೆಗಳಿಗೆ ಬಣ್ಣ ಬಳಿಯುವ ಯುವಕ ಜಜ್ಜಿದ ಬೆಳ್ಳುಳ್ಳಿಯನ್ನು ರಾತ್ರಿಯೆಲ್ಲ ವಸಡಿಗೆ ಒತ್ತಿಕೊಂಡು ಮಲಗಿದ್ದಾನೆ, ವಸಡು ಸುಟ್ಟು ಬೆಳ್ಳಗಾಗಿದೆ. ಬಟ್ಟೆ ಹೊಲಿಯುವ ಹೆಂಗಸು ತಿಂಗಳಿಂದ ಇದ್ದಿಲ ಪುಡಿಯಲ್ಲಿ ಹಲ್ಲುಜ್ಜುತ್ತಿದ್ದಾರೆ. ಕೊನೆಯ ಬೆಂಚಿನ ಅಜ್ಜ ಏನೂ ಹಾಕಿಕೊಂಡಿಲ್ಲ, ಆದರೆ ಹಲ್ಲು ಕ್ಲೀನ್ ಮಾಡಿಸಿದರೆ ಎಲ್ಲ ಸಡಿಲವಾಗಿ ಉದುರುತ್ತವೆ ಎಂಬ ವಿಡಿಯೋ ನೋಡಿ ಎದ್ದು ಹೋಗುವ ಅಂದಾಜಿನಲ್ಲಿದ್ದಾರೆ.

"ಅಜ್ಜಾ, ಸಡಿಲ ಆಗಿರೋದು ಮೊದಲೇ. ಪಾಚಿ ಕಟ್ಟಿ ಕಲ್ಲಾಗಿ ವಸಡನ್ನ ತಿಂದಿದೆ. ಕಲ್ಲು ತೆಗೆದ ಮೇಲೆ ನಿಮಗೆ ಗೊತ್ತಾಗುತ್ತೆ ಅಷ್ಟೆ. ಕಳ್ಳ ಓಡಿಹೋದ ಮೇಲೆ ಬಂದ ಪೊಲೀಸಪ್ಪನ್ನ ಹಿಡ್ಕೊಂಡು ನೀನೇ ಕಳ್ಳ ಅಂದ ಹಾಗಾಯ್ತು ಇದು."

ಮಾತಾಡುವಷ್ಟು ಹೊತ್ತೂ ಗುಲಾಬಿ ಹಿಡಿಕೆ ಅವರ ಗಲ್ಲದ ಪಕ್ಕದಲ್ಲೇ ಇರುತ್ತದೆ. ಒಮ್ಮೆಯೂ ಕೆಳಗಿಳಿಯುವುದಿಲ್ಲ. ಕೈ ನೋಯುವುದಿಲ್ಲವೇ ಎಂದರೆ ನೋಯುತ್ತದೆ ಎನ್ನುತ್ತಾರೆ. ಆದರೆ ಇಳಿಸುವುದಿಲ್ಲ. ಇಳಿಸಿದರೆ ಏನಾಗುತ್ತದೆ ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಈ ಊರಿನಲ್ಲಿ ಇನ್ಯಾರಿಗೂ ಗೊತ್ತಿಲ್ಲ.

ಹಲ್ಲಕ್ಕ ಡಾಕ್ಟರಲ್ಲ, ನರ್ಸೂ ಅಲ್ಲ. ಸಹಾಯಕಿ. ಇಪ್ಪತ್ತು ವರ್ಷದ ಹಿಂದೆ ಈ ವಿಭಾಗಕ್ಕೆ ನೆಲ ಒರೆಸಲು ಬಂದವರು. ಅವರಪ್ಪ ಬೀದಿ ಬೀದಿ ಸುತ್ತಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಬೀದಿಯ ತುದಿಯಲ್ಲಿ ಅಪ್ಪ ಒಂದು ಕೂಗು ಹಾಕಿದರೆ ಮೂರನೇ ಮಹಡಿಯ ಹೆಂಗಸರು ಚಾಕು ಹಿಡಿದು ಕೆಳಗಿಳಿಯುತ್ತಿದ್ದರಂತೆ. "ನೋಡಿದೋರು ಜಗಳ ಅಂದ್ಕೊಂಡು ಓಡಬೇಕು, ಹಾಗೆ" ಎಂದು ಅವರು ನಗುತ್ತಾರೆ. ಆ ಕಂಠ ಮಗಳಿಗೆ ಬಂದಿದೆ. ಜೊತೆಗೆ ಯಾರನ್ನು ಕಂಡರೂ ಅವರ ಹಾಗೆಯೇ ಮಾತಾಡಿ ತೋರಿಸುವ ಚಾಳಿಯೂ ಬಂದಿದೆ. ಅಪ್ಪನಿಂದ ಬಂದ ಮೂರನೆಯದೊಂದು ಪಾಠವಿದೆ, ಅದನ್ನು ಅವರು ನಗದೆ ಹೇಳುತ್ತಾರೆ. ಹಲ್ಲುನೋವಿಗೆ ಅಪ್ಪ ಯಾರದೋ ಮಾತು ಕೇಳಿ ಮಾತ್ರೆಯನ್ನು ನುಂಗುವ ಬದಲು ವಸಡಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ವಸಡು ಸುಟ್ಟು, ಕೀವಾಗಿ, ಒಂದು ವಾರ ಅವರ ಕೂಗು ಬೀದಿಯಲ್ಲಿ ಕೇಳಿರಲಿಲ್ಲ. ಆಗ ಮೊಬೈಲೂ ಇರಲಿಲ್ಲ, ವಿಡಿಯೋವೂ ಇರಲಿಲ್ಲ, ಪುಕ್ಕಟೆ ಸಲಹೆಗೆ ಮಾತ್ರ ಬರ ಇರಲಿಲ್ಲ.

ನೆಲ ಒರೆಸುತ್ತಿದ್ದವರಿಗೆ ಹಿರಿಯ ಡಾಕ್ಟರಮ್ಮ ಕುರ್ಚಿಯ ಪಕ್ಕದ ಕೆಲಸ ಕಲಿಸಿದರು. ರೋಗಿಯ ಬಾಯಿಯ ನೀರು ಹೀರುವ ಕೊಳವೆ ಹಿಡಿಯುವುದು, ಸಿಮೆಂಟು ಕಲಸುವುದು, ಹೆದರಿದವರ ಭುಜ ಹಿಡಿದು ಕೂರಿಸುವುದು. ದಿನಕ್ಕೆ ಎಪ್ಪತ್ತು ಎಂಬತ್ತು ಬಾಯಿಗಳು ಬರುವ ಜಾಗ. ಡಾಕ್ಟರುಗಳು ಇಬ್ಬರೇ. ಒಬ್ಬೊಬ್ಬರಿಗೂ ಕೂತು ತಿಳಿಹೇಳಲು ಅವರಿಗೆ ಉಸಿರಾಡುವಷ್ಟೂ ಸಮಯವಿಲ್ಲ. ಹಾಗಾಗಿ ಬಾಗಿಲು ತೆರೆಯುವ ಮುನ್ನ ಸಾಲಿನಲ್ಲಿ ಕೂತವರ ಜೊತೆ ಮಾತಾಡುವ ಕೆಲಸವನ್ನು ಹಲ್ಲಕ್ಕ ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಅದನ್ನು ಮಾಡಿ ಎಂದು ಯಾರೂ ಹೇಳಿರಲಿಲ್ಲ. ಅದೇ ಅವರಿಗೆ ಎಲ್ಲಕ್ಕಿಂತ ಇಷ್ಟದ ಕೆಲಸವಾಯಿತು.

ಅದೇ ಮುಳುವಾಯಿತು.

ಎರಡು ವರ್ಷದ ಹಿಂದಿನ ಮಾತು. ಹಲ್ಲು ಬೆಳ್ಳಗಾಗಿಸುವ ವಿಡಿಯೋಗಳು ಮನೆಮನೆಗೆ ನುಗ್ಗಿದ್ದ ಕಾಲ. ಒಂದು ಬೆಳಿಗ್ಗೆ ಹಲ್ಲಕ್ಕ ಓಣಿಯಲ್ಲಿ ನಿಂತು ಆ ವಿಡಿಯೋದ ಬೆಡಗಿಯರನ್ನು ಅಣಕಿಸಿ ತೋರಿಸಿದರು. ಯಾರದೋ ಚೀಲದಿಂದ ನಿಂಬೆಹಣ್ಣು ಎತ್ತಿಕೊಂಡು, ಸೊಂಟ ಓರೆ ಮಾಡಿ, ದನಿಗೆ ಜೇನು ಸುರಿದು, "ಬನ್ನಿ ಅಕ್ಕಂದಿರೇ, ಅರ್ಧ ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು, ತಿಕ್ಕಿ ನೋಡಿ! ವಾರದೊಳಗೆ ಮುತ್ತಿನಂಥ ಹಲ್ಲು!" ಎಂದರು. ಸಾಲು ಬಿದ್ದು ಬಿದ್ದು ನಕ್ಕಿತು. ಆಮೇಲೆ ನಿಂಬೆಹಣ್ಣು ಕೆಳಗಿಟ್ಟು, ತಮ್ಮ ಮಾಮೂಲಿ ದನಿಗೆ ಬಂದು, ಹುಳಿ ಹಲ್ಲಿನ ಕವಚವನ್ನು ಹೇಗೆ ಕರಗಿಸುತ್ತದೆ, ಮೊದಲ ವಾರ ಕಲೆ ಹೋಗಿ ಬೆಳ್ಳಗೆ ಕಂಡರೂ ಆಮೇಲೆ ಒಳಗಿನ ಹಳದಿ ಹೇಗೆ ಇಣುಕುತ್ತದೆ, ಹೋದ ಕವಚ ಮತ್ತೆ ಯಾಕೆ ಬೆಳೆಯುವುದಿಲ್ಲ ಎಂದು ವಿವರಿಸಿದರು. ಸಾಲಿನಲ್ಲಿದ್ದ ಯಾರೋ ಪೂರ್ತಿ ಚಿತ್ರೀಕರಿಸಿ ಒಳ್ಳೆಯ ಮನಸ್ಸಿನಿಂದಲೇ ಹಂಚಿಕೊಂಡರು. ಇನ್ಯಾರೋ ಅದನ್ನು ನಗುವಿನ ಹತ್ತಿರ ಕತ್ತರಿಸಿ, ಸಂಗೀತ ಸೇರಿಸಿ, ‘ದಂತವೈದ್ಯೆ ಬಾಯಿಬಿಟ್ಟ ಗುಟ್ಟು’ ಎಂದು ಹಣೆಪಟ್ಟಿ ಅಂಟಿಸಿ ಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಇಲ್ಲಿ ಎರಡೂ ಒಟ್ಟಿಗೇ ಹೋದವು.

ಮನೆಯಲ್ಲಿ ಅದನ್ನು ಮೊದಲು ನೋಡಿದವರು ಅತ್ತೆ. ಬಾಯಿಗೆ ಪೂರ್ತಿ ಸೆಟ್ಟು ಹಲ್ಲು ಹಾಕಿಕೊಂಡು, ದಿನವಿಡೀ ವಿಡಿಯೋ ನೋಡಿ, ಕಂಡದ್ದನ್ನೆಲ್ಲ ಬಂಧುಬಳಗಕ್ಕೆ ದಾಟಿಸುವ ಹಿರಿಯ ಜೀವ. "ಏ ಹುಡುಗಿ, ನಿನ್ನನ್ನ ಡಾಕ್ಟರ್ ಮಾಡಿಬಿಟ್ಟಿದ್ದಾರೆ ಬಾ ಇಲ್ಲಿ!" ಎಂದು ಅಡುಗೆಮನೆಯವರೆಗೂ ಮೊಬೈಲ್ ತಂದರು. ಸಿಟಿ ಬಸ್ಸಿನ ಮೆಕ್ಯಾನಿಕ್ ಆಗಿರುವ ಗಂಡ ಎಣ್ಣೆಗೈಯಲ್ಲೇ ಬಗ್ಗಿ ನೋಡಿ, "ಡಾಕ್ಟರಮ್ಮ ಪಾತ್ರೆ ತೊಳೀತಾರೋ ಇಲ್ವೋ ಇನ್ಮೇಲೆ?" ಎಂದು ಕೆಣಕಿದರು. ಆ ಒಂದು ಸಂಜೆ ಮನೆಗೆ ಮನೆಯೇ ಹಿಗ್ಗಿತು. ವಿಡಿಯೋದಲ್ಲಿ ಅರ್ಧ ಮಾತೇ ಇಲ್ಲ ಎಂದು ಹಲ್ಲಕ್ಕನಿಗೆ ಹೊಳೆಯುವ ಹೊತ್ತಿಗೆ, ಅತ್ತೆ ಆಗಲೇ ಅದನ್ನು ತಮಗೆ ಗೊತ್ತಿದ್ದವರಿಗೆಲ್ಲ ಕಳಿಸಿ ಮುಗಿಸಿದ್ದರು.

ಜನ ಅವರಿಗೆ ‘ನಿಂಬೆಹಣ್ಣಕ್ಕ’ ಎಂದು ಹೆಸರಿಟ್ಟರು. ಬಸ್ಸಿನಲ್ಲಿ, ಅಂಗಡಿಯಲ್ಲಿ, ನಲ್ಲಿಯ ಹತ್ತಿರ. ಪ್ರೀತಿಯಿಂದಲೇ ಕರೆಯುತ್ತಿದ್ದರು, ಅದೇ ಹೆಚ್ಚು ನೋವಾಗುತ್ತಿತ್ತು ಎನ್ನುತ್ತಾರೆ. "ಒಬ್ಬರಿಗೆ ಬಿಡಿಸಿ ಹೇಳೋ ಹೊತ್ತಿಗೆ ಹತ್ತು ಜನ ನಿಂಬೆಹಣ್ಣು ಕೊಯ್ದಿರ್ತಿದ್ರು."

ಎರಡು ತಿಂಗಳು ಕಳೆದಿರಬೇಕು. ಮಧ್ಯಾಹ್ನದ ಸಾಲಿನಲ್ಲಿ ಕೆಂಪು ಸಮವಸ್ತ್ರ ತೊಟ್ಟ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಮೆರವಣಿಗೆಗಳಲ್ಲಿ, ಶಾಲೆಯ ಆಟೋಟಗಳಲ್ಲಿ ನುಡಿಸುವ ಬ್ಯಾಂಡಿನಲ್ಲಿ ತುತ್ತೂರಿ ಊದುವವರು. ಮುಂದಿನ ಸಾಲಿನಲ್ಲಿ ನಿಲ್ಲುವವರು, ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಎಂದು ದಿನವೂ ನಿಂಬೆ, ಉಪ್ಪು ತಿಕ್ಕಿದ್ದರು. ಈಗ ಮುಂದಿನ ಹಲ್ಲುಗಳ ಅಂಚು ಗಾಜಿನಂತೆ ತೆಳುವಾಗಿತ್ತು. ಬೆಳಗಿನ ತಂಪಿನಲ್ಲಿ ಲೋಹದ ತುತ್ತೂರಿ ತುಟಿಗೆ ತಾಗಿದರೆ ನೆತ್ತಿಯವರೆಗೂ ಜುಮ್ಮೆನ್ನುತ್ತಿತ್ತು. ಊದಲಾಗದೆ ಬ್ಯಾಂಡಿನವರು ಅವರ ಕೈಗೆ ತಾಳ ಕೊಟ್ಟಿದ್ದರು. ಬಾಗಿಲಲ್ಲಿ ಹಲ್ಲಕ್ಕನನ್ನು ಕಂಡ ಕೂಡಲೇ ಅವರು ಬೆರಳು ತೋರಿಸಿದರು.

"ಇವರೇ. ಇವರೇ ಹೇಳಿದ್ದು."

ಓಣಿಯಲ್ಲಿದ್ದವರೆಲ್ಲ ಹಲ್ಲಕ್ಕನ ಕಡೆ ತಿರುಗಿದರು. ಆ ನೋಟವನ್ನು ಹಲ್ಲಕ್ಕ ಇವತ್ತಿಗೂ ಮರೆತಿಲ್ಲ. "ನಾನು ಹಾಗೆ ಹೇಳಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವರ ಹಲ್ಲು ಎದುರಿಗೇ ಇತ್ತಲ್ಲ. ಅದರ ಮುಂದೆ ನನ್ನ ಮಾತು ಯಾವ ಲೆಕ್ಕ?"

ದೂರು ಮೇಲಕ್ಕೆ ಹೋಯಿತು. ಹಿರಿಯ ಡಾಕ್ಟರಮ್ಮನಿಗೆ ಹಲ್ಲಕ್ಕನ ಮೇಲೆ ನಂಬಿಕೆ ಇತ್ತು, ಆದರೆ ವಿಭಾಗದ ಹೆಸರೂ ಉಳಿಯಬೇಕಿತ್ತು. ಸಾಲಿನ ಜೊತೆ ಮಾತು ಸಾಕು, ಒಳಗಿನ ಕೆಲಸ ನೋಡಿಕೋ ಎಂದರು. ಸಂಬಳ ಕಡಿಮೆಯಾಗಲಿಲ್ಲ, ಕೆಲಸವೂ ಹೋಗಲಿಲ್ಲ. ಹೋದದ್ದು ಆ ಓಣಿ. ಬೆಳಿಗ್ಗೆ ಹೊರಗೆ ಜನ ಏನೇನೋ ವಿಡಿಯೋಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದು ಬಾಗಿಲಿನ ಸಂದಿಯಿಂದ ಕೇಳುತ್ತಿತ್ತು. ಒಳಗೆ ಹಲ್ಲಕ್ಕ ಹಲ್ಲು ಕಚ್ಚಿಕೊಂಡು ಇಕ್ಕಳ ತೊಳೆಯುತ್ತಿದ್ದರು. ಸಾಣೆಯವನ ಮಗಳಿಗೆ ಬಾಯಿ ಕಟ್ಟಿದರೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ?

ತುತ್ತೂರಿಯವರ ಹಲ್ಲು ಕಟ್ಟುವ ಕೆಲಸ ಹಲವು ಸಲದ್ದು. ಹಲ್ಲಿನ ಬಣ್ಣದ ಲೇಪವನ್ನು ಪದರ ಪದರವಾಗಿ ಕೂರಿಸಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಬೇಕು. ಪ್ರತಿ ಸಲವೂ ಅವರ ಬಾಯಿಯ ನೀರು ಹೀರುವ ಕೊಳವೆ ಹಿಡಿದು ನಿಂತವರು ಹಲ್ಲಕ್ಕನೇ. ಇಬ್ಬರ ಮುಖದ ನಡುವೆ ಒಂದು ಗೇಣು ಅಂತರ, ಮಾತು ಮಾತ್ರ ಇಲ್ಲ. ಮೂರನೇ ಸಲ, ಒಂದು ಪದರ ಗಟ್ಟಿಯಾದ ಮೇಲೆ, ಡಾಕ್ಟರಮ್ಮ ಪಕ್ಕದ ಕುರ್ಚಿಗೆ ಹೋದರು. ತುತ್ತೂರಿಯವರು ಸೂರು ನೋಡುತ್ತಲೇ ಕೇಳಿದರು.

"ಅಕ್ಕಾ, ಆವತ್ತು ನೀವು ಅದಾದ ಮೇಲೆ ಏನು ಹೇಳಿದ್ರಿ?"

"ಯಾವುದಾದ ಮೇಲೆ?"

"ಮುತ್ತಿನಂಥ ಹಲ್ಲು ಅಂದ್ರಲ್ಲ. ಅದಾದ ಮೇಲೆ. ವಿಡಿಯೋ ಅಲ್ಲಿಗೇ ನಿಲ್ಲುತ್ತೆ, ನಿಮ್ಮ ಬಾಯಿ ಇನ್ನೂ ತೆರೆದೇ ಇರುತ್ತೆ. ದಿನಾ ನೋಡ್ತಿದ್ದೆನಲ್ಲ, ನನಗೆ ಗೊತ್ತು."

ಅಷ್ಟು ದಿನಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.  ಹಲ್ಲಕ್ಕ ಕೊಳವೆಯನ್ನು ಕೊಕ್ಕೆಗೆ ಸಿಕ್ಕಿಸಿ, ತಗ್ಗಿದ ದನಿಯಲ್ಲಿ ಉಳಿದರ್ಧವನ್ನು ಪೂರ್ತಿ ಹೇಳಿದರು. ತುತ್ತೂರಿಯವರು ಕೇಳಿಸಿಕೊಂಡು, "ಇದನ್ನ ಹೊರಗೆ ಯಾಕೆ ಹೇಳ್ತಿಲ್ಲ ಈಗ?" ಎಂದರು. ಹೇಳುವ ಹಾಗಿಲ್ಲ ಎಂದಾಗ, "ನನ್ನಿಂದಾನಾ?" ಎಂದರು. ಹಲ್ಲಕ್ಕ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡರು.

ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವರಿಗೆ ಒಂದು ಉಪಾಯ ಹೊಳೆಯಿತು. ಮಾತನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಆದರೆ ಹಾಳಾದ ಹಲ್ಲೇ ಕೈಯಲ್ಲಿದ್ದರೆ? ಮೊದಲ ಮಾತಿನಿಂದ ಕೊನೆಯ ಮಾತಿನವರೆಗೂ ಅದು ಮುಖದ ಪಕ್ಕದಲ್ಲೇ ಇದ್ದರೆ? ಎಲ್ಲಿ ಕತ್ತರಿಸಿದರೂ ಹಲ್ಲು ಕಾಣುತ್ತದೆ. ನಗೆಚಾಟಿಕೆ ಬೇಕಾದರೆ ಇರಲಿ, ಹಲ್ಲು ಸಾಕ್ಷಿಗೆ ನಿಂತಿರುತ್ತದೆ.

ಹಲ್ಲು ಎಲ್ಲಿಂದ ತರುವುದು? ವಿಭಾಗದಲ್ಲಿ ದಿನವೂ ಕಿತ್ತ ಹಲ್ಲುಗಳಿಗೇನೂ ಬರವಿಲ್ಲ. ಅವನ್ನು ಅವರು ಮುಟ್ಟಲಿಲ್ಲ. "ಇನ್ನೊಬ್ಬರ ಹಲ್ಲು ಹಿಡ್ಕೊಂಡು ಊರಿಗೆಲ್ಲ ತೋರಿಸೋಕೆ ನನಗೇನು ಹಕ್ಕಿದೆ?" ಕೆಳದವಡೆಯಲ್ಲಿ ಅವರದೇ ಒಂದು ಹಲ್ಲು ಅಡ್ಡಡ್ಡ ಹುಟ್ಟಿ ಆಗಾಗ ಕಾಟ ಕೊಡುತ್ತಿತ್ತು. ಡಾಕ್ಟರಮ್ಮ ಕೀಳಿಸಿಕೋ ಎಂದು ವರ್ಷದಿಂದ ಹೇಳುತ್ತಿದ್ದರೂ ಹಲ್ಲಕ್ಕ ಇವತ್ತು, ನಾಳೆ ಎಂದು ತಳ್ಳುತ್ತಿದ್ದರು. ಊರಿಗೆಲ್ಲ ಧೈರ್ಯ ಹೇಳುವ ಹೆಂಗಸಿಗೆ ಇಕ್ಕಳ ಕಂಡರೆ ಭಯ! ಆ ಭಯವನ್ನು ನುಂಗಿಕೊಂಡು ಕುರ್ಚಿಯಲ್ಲಿ ಕೂತರು. ಹಲ್ಲು ಕೈಗೆ ಬಂತು.

ತಂಗಿಯ ಉಗುರುಬಣ್ಣ ತಂದು ಹಲ್ಲಿನ ಒಂದು ಮಗ್ಗುಲಿಗೆ ದಪ್ಪಗೆ ಬಳಿದರು, ಇನ್ನೊಂದು ಮಗ್ಗುಲನ್ನು ಬರಿದೇ ಬಿಟ್ಟರು. ಅದನ್ನು ನಿಂಬೆರಸದಲ್ಲಿ ಮುಳುಗಿಸಿ, ಆಗಾಗ ರಸ ಬದಲಿಸುತ್ತಾ, ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಅತ್ತೆಗೆ ಆ ಲೋಟ ಕಂಡರೆ ಮೈ ಉರಿಯುತ್ತಿತ್ತು. "ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತ ಕೇಳಿದ್ದೆ. ನಿನ್ನ ಮನೇಲಿ ಶರಬತ್ತಿನ ಲೋಟದಲ್ಲೇ ಹಲ್ಲಿದೆಯಲ್ಲೇ!" ಕೆಲವು ದಿನ ಕಳೆದು ಉಗುರುಬಣ್ಣ ಒರೆಸಿ ನೋಡಿದರೆ, ಮುಚ್ಚಿದ್ದ ಮಗ್ಗುಲು ಹೊಳೆಯುತ್ತಿತ್ತು, ಬರಿದಾಗಿದ್ದ ಮಗ್ಗುಲು ಮಂಕಾಗಿ ಪುಡಿಪುಡಿಯಾಗಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು, ಬೆರಳಿನಿಂದ ಸವರಿದರು, ಇನ್ನೊಮ್ಮೆ ನೋಡಿದರು. ನಗೆಮಾತು ನಿಂತಿತು. "ನಾನು ಎಷ್ಟು ಜನಕ್ಕೆ ಕಳಿಸಿದ್ದೆ..." ಎಂದು ಮೂಲೆಯಲ್ಲಿ ಕೂತರು.

ಸೆಟ್ಟು ಹಲ್ಲು ತಯಾರಿಸುವ ಹಿಂದಿನ ಕೋಣೆಯ ಕುಶಲಕರ್ಮಿ, ಕೃತಕ ವಸಡಿಗೆ ಬಳಸುವ ಗುಲಾಬಿ ಪುಡಿಯನ್ನೇ ಕಲಸಿ ಬೆರಳುದ್ದದ ಹಿಡಿಕೆ ಎರೆದು ಕೊಟ್ಟರು. ಅದನ್ನು ಹಿಡಿದು ಹಲ್ಲಕ್ಕ ಡಾಕ್ಟರಮ್ಮನ ಮೇಜಿನ ಮುಂದೆ ನಿಂತರು. ಡಾಕ್ಟರಮ್ಮ ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನಿನ್ನದೇ ಅಲ್ಲವೇ ಎಂದು ಗುರುತಿಸಿ ನಕ್ಕರು. ಆಮೇಲೆ ಗಂಭೀರವಾಗಿ ಒಂದು ಷರತ್ತು ಹಾಕಿದರು.

"ಮಾತು ಮುಗಿಯೋವರೆಗೂ ಇದು ಕೈಯಿಂದ ಇಳಿಯಬಾರದು."

ಮರುದಿನದ ಬೆಳಗನ್ನು ವಿಭಾಗದವರು ಇನ್ನೂ ಹೇಳಿಕೊಳ್ಳುತ್ತಾರೆ. ಹಲ್ಲಕ್ಕ ಬಾಗಿಲು ತೆರೆದು ಓಣಿಗೆ ಕಾಲಿಟ್ಟರು. ಸಾಲಿನಲ್ಲಿ ಯಾರೋ ‘ನಿಂಬೆಹಣ್ಣಕ್ಕ ಬಂದ್ರು’ ಎಂದು ಪಿಸುಗುಟ್ಟಿದರು. ಆಗ ಹಿಂದಿನ ಬೆಂಚಿನಿಂದ ಕೆಂಪು ಸಮವಸ್ತ್ರದವರೊಬ್ಬರು ಎದ್ದು ಬಂದು ಅವರ ಪಕ್ಕದಲ್ಲಿ ನಿಂತರು. ಅವತ್ತು ಅವರಿಗೆ ಚಿಕಿತ್ಸೆಯ ದಿನವೇ ಅಲ್ಲ. ಹಿಂದಿನ ಸಂಜೆ ಡಾಕ್ಟರಮ್ಮ ಫೋನಿನಲ್ಲಿ ವಿಷಯ ತಿಳಿಸಿದ್ದರು, ಅಷ್ಟೆ.

"ನಾನು ಇವರ ಮಾತು ಅರ್ಧ ಕೇಳಿ ಹಲ್ಲು ಕಳ್ಕೊಂಡೋನು. ನೀವು ಪೂರ್ತಿ ಕೇಳಿ" ಎಂದರು ತುತ್ತೂರಿಯವರು.

ಹಲ್ಲಕ್ಕ ಹಲ್ಲೆತ್ತಿ ಹಿಡಿದರು. ಅಪ್ಪನ ಕಂಠ ಎಲ್ಲಿತ್ತೋ, ವಾಪಸ್ಸು ಬಂತು.

ಈಗ ಸಾಲಿನಲ್ಲಿ ಯಾರು ಬೇಕಾದರೂ ಚಿತ್ರೀಕರಿಸಬಹುದು, ಅವರು ತಡೆಯುವುದಿಲ್ಲ. ಕತ್ತರಿಸುವವರು ಈಗಲೂ ಕತ್ತರಿಸುತ್ತಾರೆ. ಒಬ್ಬರು ಬರೀ ನಗೆಯ ತುಣುಕನ್ನು ಎತ್ತಿ ಹಾಕಿದ್ದರು. ಕೆಳಗೆ ಜನ ‘ಆ ಕೈಯಲ್ಲಿರೋ ಹಲ್ಲಿಗೆ ಏನಾಗಿದೆ?’ ಎಂದು ಕೇಳತೊಡಗಿದರು, ಕೇಳಿದವರಿಗೆ ಬೇರೆಯವರೇ ಉತ್ತರ ಕೊಟ್ಟರು. ಅತ್ತೆಯಂತೂ ಹಳೆಯ ವಿಡಿಯೋ ಕಳಿಸಿದ್ದವರಿಗೆಲ್ಲ ಹೊಸದನ್ನು ಕಳಿಸಿದ್ದು ಸಾಲದೆ, ಒಬ್ಬೊಬ್ಬರಿಗೂ ಫೋನ್ ಮಾಡಿ "ಅದನ್ನ ಅಳಿಸಿದ್ಯಾ? ನನ್ನೆದುರಿಗೇ ಅಳಿಸು" ಎಂದು ಕಾಡಿದ್ದಾರೆ. ಫೋನಿನಲ್ಲಿ ಎದುರಿಗೆ ಅಳಿಸುವುದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ತುತ್ತೂರಿಯವರು ಮುಂದಿನ ಸಾಲಿಗೆ ಮರಳಿದ್ದಾರೆ. ಹೋದ ಕವಚ ಬರುವುದಿಲ್ಲ, ಲೇಪವನ್ನು ಆಗಾಗ ಸರಿಪಡಿಸಬೇಕು, ತಂಪಿನ ದಿನ ಊದುವ ಮುನ್ನ ಲೋಹವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ಆದರೂ ಊದುತ್ತಾರೆ. ಬ್ಯಾಂಡು ಆಸ್ಪತ್ರೆಯ ಬೀದಿಯಲ್ಲಿ ಹಾದುಹೋಗುವ ದಿನ ಆ ದನಿ ಒಳಗೂ ಕೇಳುತ್ತದೆ. ಹಲ್ಲಕ್ಕ ಒಂದು ಗಳಿಗೆ ಸಿಮೆಂಟು ಕಲಸುವುದನ್ನು ನಿಲ್ಲಿಸುತ್ತಾರೆ, ಡಾಕ್ಟರಮ್ಮ ಕಾಯುತ್ತಾರೆ.

ನಿಂಬೆಹಣ್ಣಕ್ಕ ಎಂಬ ಹೆಸರು ಯಾವಾಗ ಉದುರಿ ಹಲ್ಲಕ್ಕ ಎಂಬುದು ಹುಟ್ಟಿತು ಎಂದು ಅವರಿಗೂ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರ್ ಹಾಗೆ ಕರೆದರಂತೆ. "ಆವತ್ತು ಇಳಿಯೋ ಜಾಗ ಬಿಟ್ಟು ಮುಂದೆ ಹೋಗಿ ಇಳಿದೆ" ಎಂದು ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ.

ಇವತ್ತಿನ ಸಾಲು ಮುಂದೆ ಸರಿಯುತ್ತಿದೆ. ಬೆಳ್ಳುಳ್ಳಿಯ ಯುವಕ ಒಳಗೆ ಹೋಗಿದ್ದಾನೆ. ಅಜ್ಜ ಎದ್ದು ಹೋಗದೆ ಕೂತಿದ್ದಾರೆ. ಕಂಬದ ಪಕ್ಕದ ಒಬ್ಬ ತಾಯಿ, ಮಗಳನ್ನು ಮುಂದೆ ಮಾಡಿಕೊಂಡು, ಸಂಕೋಚದಿಂದ ಮೊಬೈಲ್ ಚಾಚುತ್ತಾರೆ. "ನಾವು ದೂರದಿಂದ ಬಂದಿದ್ದೀವಿ. ಇದರಲ್ಲಿ ಒಬ್ಬರು ಡಾಕ್ಟರಮ್ಮ ನಿಂಬೆಹಣ್ಣು ತಿಕ್ಕಿ ಅಂತ ಹೇಳ್ತಾರೆ. ಇವಳು ನಿನ್ನೆಯಿಂದ ಶುರು ಮಾಡಿದ್ದಾಳೆ. ಸರೀನಾ ಅಂತ ಕೇಳೋಣ ಅಂತ."

ಪರದೆಯ ಮೇಲೆ ಎರಡು ವರ್ಷ ಚಿಕ್ಕವರಾದ ಹಲ್ಲಕ್ಕ ಸೊಂಟ ಓರೆ ಮಾಡಿ ನಿಂತಿದ್ದಾರೆ. ಸಂಗೀತ, ನಿಂಬೆಹಣ್ಣು, ನಗು, ಮುತ್ತಿನಂಥ ಹಲ್ಲು. ಅಲ್ಲಿಗೆ ಬಾಯಿ ತೆರೆದಂತೆಯೇ ಚಿತ್ರ ನಿಂತುಬಿಡುತ್ತದೆ. ಸಾಲಿನಲ್ಲಿದ್ದ ಹಳಬರು ಹಲ್ಲಕ್ಕನ ಮುಖ ನೋಡುತ್ತಾರೆ. ಅವರು ಮೊಬೈಲನ್ನು ಹತ್ತಿರ ಹಿಡಿದು, ತಮ್ಮದೇ ಆ ತೆರೆದ ಬಾಯಿಯನ್ನು ಒಂದು ಗಳಿಗೆ ನೋಡಿ, ತಾಯಿಯ ಕೈಗೆ ವಾಪಸ್ಸು ಕೊಡುತ್ತಾರೆ. ಗುಲಾಬಿ ಹಿಡಿಕೆ ಗಲ್ಲದ ಪಕ್ಕಕ್ಕೆ ಏರುತ್ತದೆ.

"ಪಾಪ, ಅವಳ ಮಾತು ಇನ್ನೂ ಮುಗಿದಿಲ್ಲಮ್ಮ" ಎನ್ನುತ್ತಾರೆ. "ಬಾ ಮಗಳೇ, ಇಲ್ಲಿ ಕೂತ್ಕೋ. ನಾನು ಮುಗಿಸ್ತೀನಿ."